ಬಲದಿಂದ ಏರಿದ ಗೆರೆ

ಜಗದೇವಪ್ಪ ಮಾಸ್ತರನ ಅನ್ನಕ್ಕೆ ಸಂಚಕಾರ ತಂದದ್ದು ಒಂದೇ ಒಂದು ಗೆರೆ.

ಹೈದರಾಬಾದು ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವನದು ಹಂಗಾಮಿ ನೌಕರಿ. ಅಂದು ಮಧ್ಯಾಹ್ನ ಬರುವ ಇನ್‌ಸ್ಪೆಕ್ಟರ್ ಸಾಹೇಬರು ಅವನ ಪಾಠ ನೋಡಿ ಕಾಯಂ ಮಾಡಬೇಕು, ಇಲ್ಲವೇ ಮನೆಗೆ ಕಳಿಸಬೇಕು. ಹಿಂದೆ ಹೀಗೆ ಮನೆಗೆ ಹೋದ ಮಾಸ್ತರ ಈಗ ಕೆಂಭಾವಿ ಸಂತೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ.

ಬೆಳಿಗ್ಗೆಯೇ ಜಗದೇವಪ್ಪ ಸುಣ್ಣಕಲ್ಲಿನ ಚೂರುಗಳ ಮೇಲೆ ಆಮ್ಲ ಸುರಿದು, ಎದ್ದ ಅನಿಲವನ್ನು ಗಾಜಿನ ಕೊಳವೆಯಲ್ಲಿ ಹಿಡಿದು, ನಿಮಿಷ ನಿಮಿಷಕ್ಕೂ ಅಳೆದು ನಕ್ಷೆ ಬರೆದಿದ್ದ. ಎಡಮೂಲೆಯಿಂದ ಹೊರಟ ಗೆರೆ ಸರ್ರನೆ ಏರಿ, ಬಾಗಿ, ಕೊನೆಗೆ ಚಪ್ಪಟೆ ಮಲಗಿತ್ತು. ಹೊಸ ಅಳಿಯನ ತಟ್ಟೆಗೆ ಬಿದ್ದ ಹೋಳಿಗೆಯ ಒಟ್ಟು ಲೆಕ್ಕವೂ ಹೀಗೆಯೇ: ಮೊದಲ ದಿನ ರಾಶಿ, ಆಮೇಲೆ ಒಂದೊಂದು, ಕೊನೆಗೆ ಅದೂ ಇಲ್ಲ.

ಹೆಡ್‌ಮಾಸ್ತರ ಗೊಲ್ಲಾಳಪ್ಪ ಬಗ್ಗಿ ನೋಡಿದರು. ಜೀವಮಾನವೆಲ್ಲ ಬಲದಿಂದ ಎಡಕ್ಕೆ ಉರ್ದು ಓದಿದ ಬೆರಳು ಬಲದಂಚಿನಿಂದ ಹೊರಟಿತು.

“ಇದೇನ್ರಿ? ಗ್ಯಾಸು ಮ್ಯಾಲಿಂದ ಕೆಳಗ ಬೀಳಾಕತ್ತದಲ್ಲ!”

“ಎಡಕಿನಿಂದ ನೋಡ್ರಿ, ಸರ್.”

“ಸಾಹೇಬ್ರು ನನಗಿಂತ ಹಳೇ ಉರ್ದು ಮಂದಿ. ಅವ್ರು ಎತ್ಲಾಗಿಂದ ನೋಡ್ತಾರ? ತಿರುವಿ ಬರೀರಿ.”

ಲೆಕ್ಕದ ಮಾಸ್ತರ ಅಬ್ದುಲ್ ಕರೀಮ ನಕ್ಕ. “ನಾನೂ ಉರ್ದುದಾಗ ಕಲ್ತಾಂವ ಅದೀನ್ರಿ. ನನಗ ಎಡಕಿನಿಂದನ ಕಾಣತದ.”

“ನೀ ಕಾಯಂ ಇದ್ದೀಯಪ್ಪ. ನಿನಗ ಎತ್ಲಾಗಿಂದರ ಕಾಣಲಿ. ಸುಮ್ಕ ಕುಂದ್ರು!”

ಜಗದೇವಪ್ಪನಿಗೆ ಮೆಣಸಿನಕಾಯಿ ಚೀಲ ನೆನಪಾಗಿ ಬೆನ್ನು ಉರಿಯಿತು. ಕನ್ನಡಿಯಲ್ಲಿ ಕಂಡಂತೆ ಇಡೀ ನಕ್ಷೆಯನ್ನು ಬಲದಿಂದ ಬರೆದ. ಮೊದಲಿನ ಹಾಳೆಯನ್ನು ಹೆಡ್‌ಮಾಸ್ತರರು ತಾವೇ ಹರಿದು ಒಲೆಗೆ ಹಾಕಿಸಿದರು.

ಸಾಹೇಬರು ಬಂದರು. ಶೇರವಾನಿ ಹೋಗಿ ಹೊಸ ಕೋಟು ಬಂದಿತ್ತು. ತೋಳು ಇನ್ನೂ ಹೊಂದಿಕೊಂಡಿರಲಿಲ್ಲ. ಅವರ ಬೆರಳೂ ಬಲದಿಂದಲೇ ಹೊರಟು ಏರಿ, ಬಾಗಿ, ನಿಂತಿತು.

“ಶಾಬಾಸ್! ಮೊದಲ ಜೋರು, ಆಮ್ಯಾಲ ಸಾವಕಾಶ. ಆಮ್ಲ ತೀರಿತು, ಖಲಾಸ್! ಒಂದು ಚುಕ್ಕಿನೂ ಗಲತ್ ಇಲ್ಲ.”

ಗೊಲ್ಲಾಳಪ್ಪ ಮೀಸೆಯ ಮೇಲೆ ಕೈ ಎಳೆದರು. ಜಗದೇವಪ್ಪ ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ.

“ಅದಕ್ಕ ನಿಮ್ಮನ್ನ ಕಾಯಂ ಮಾಡಾಕ ಬರಂಗಿಲ್ಲ,” ಎಂದರು ಸಾಹೇಬರು.

“ಯಾಕ್ರಿ?” ಎಂದ ಜಗದೇವಪ್ಪ.

“ಬಲದಿಂದ ಬರಿಯೋ ಹಳೇ ಉರ್ದು ರೂಢಿ ಬಿಡದ ಮಾಸ್ತರನ್ನ ತಗೀರಿ ಅಂತ ಹುಕುಂ ಬಂದದ. ನಾನ ಹಳೇ ಮನಷ್ಯಾ. ನನ್ನ ಮ್ಯಾಲೂ ಕಣ್ಣಿಟ್ಟಾರ. ನಿಮ್ಮನ್ನ ಬಿಟ್ರ ನನ್ನ ಹಿಡೀತಾರ.”

ಜಗದೇವಪ್ಪ ಹೆಡ್‌ಮಾಸ್ತರರ ಮುಖ ನೋಡಿದ.

“ನಾ ಬಡಕೊಂಡೆ ಸಾಹೇಬ್ರ, ಎಡಕಿನಿಂದ ಬರೀರಿ ಅಂತ,” ಎಂದರು ಗೊಲ್ಲಾಳಪ್ಪ.

ಕರೀಮ ಬಾಯಿ ತೆರೆದ. ಸಾಹೇಬರ ಕೋಟು ನೋಡಿ ಮುಚ್ಚಿದ.

ಜಗದೇವಪ್ಪ ಗೋಡೆಗೆ ಅಂಟಿಸಿದ್ದ ಹಾಳೆ ಕಿತ್ತು, ತಿರುವಿ, ಕಿಟಕಿಯ ಬಿಸಿಲಿಗೆ ಹಿಡಿದ. “ಹಿಂದಿನಿಂದ ನೋಡ್ರಿ ಸಾಹೇಬ್ರ! ಎಡಕಿನಿಂದನ ಏರತದ!”

ಸಾಹೇಬರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಹೌದ್ರಿ, ಅಗದೀ ಬರೋಬ್ಬರಿ ಅದ,” ಎಂದರು ಮೆಲ್ಲಗೆ. “ಆದ್ರ ಮ್ಯಾಲಿನವರು ಕಾಗದದ ಬೆನ್ನ ನೋಡಂಗಿಲ್ಲ.”