ನನ್ನ ಮುಂಗೈಯ ಪೂರ್ವ ದಿಕ್ಕು

ನಾನು ಯಾವುದನ್ನೂ ಸುಲಭವಾಗಿ ನಂಬುವವನಲ್ಲ. ಕಲಬುರಗಿಯಲ್ಲಿ ತತ್ತ್ವಶಾಸ್ತ್ರ ಓದುವಾಗ ಹತ್ತಿದ ಈ ಚಟ, ಬೀದರಿನ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸತೊಡಗಿದ ಮೇಲೆ ಕಾಯಿಲೆಯಾಗಿ ಬಲಿಯಿತು. ಹಾಲಿನವನು ‘ಇದು ಎಮ್ಮಿ ಹಾಲ್ರಿ’ ಎಂದರೆ ‘ನಿನಗೆ ಹೇಗೆ ಗೊತ್ತು?’ ಎಂದು ಕೇಳಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿಕೊಳ್ಳುತ್ತೇನೆ. ‘ಎಮ್ಮಿ ನಂದೇ ಅದರಿ’ ಎಂದು ಅವನು ಹೇಳಿದರೂ ನನ್ನ ಸಂಶಯ ಪೂರ್ತಿ ಹೋಗುವುದಿಲ್ಲ. ದೇವರು, ಜ್ಯೋತಿಷಿ, ಹವಾಮಾನ ವರದಿ, ಹೆಂಡತಿಯ ತವರಿನವರು ಹೇಳುವ ಹಳೆಯ ವೈಭವದ ಕಥೆಗಳು, ಎಲ್ಲವನ್ನೂ ಜರಡಿ ಹಿಡಿದು ನೋಡಿದವನು ನಾನು. ಈ ಎಲ್ಲ ಸಂಶಯದ ನಡುವೆ ಕಾಲೂರಿ ನಿಲ್ಲಲು ನನಗಿದ್ದ ಒಂದೇ ಗಟ್ಟಿ ನೆಲವೆಂದರೆ ನನ್ನ ನೆನಪು. ಈಗೀಗ ಅದೂ ಕುಸಿಯುತ್ತಿದೆ. ಚಹಾ ಕುಡಿದೆನೋ ಇಲ್ಲವೋ ಎಂದು ತಿಳಿಯಲು ಕಪ್ಪಿನ ತಳ ನೋಡಬೇಕಾಗಿದೆ.

ವೈದ್ಯರು ದಿನವೂ ನಡೆಯಬೇಕು ಎಂದು ಹೇಳಿದ ಮೇಲೆ ಈ ತೊಂದರೆ ಬೀದಿಗೆ ಬಂತು. ಒಂದು ಬೆಳಿಗ್ಗೆ ಶೂ ಹಾಕಿಕೊಂಡು ಕೋಟೆಯ ಕಡೆಗೆ ಹೊರಟೆ. ಹೆಂಡತಿ ಶೈಲಾ ಬಾಗಿಲಿಗೆ ಅಡ್ಡ ನಿಂತಳು. ‘ಈಗಷ್ಟೇ ಹೋಗಿ ಬಂದೀರಲ್ರಿ. ಮತ್ತ್ಯಾಕ? ಅಲ್ಲಿ ಯಾರರ ಕಾಯಲಕತ್ತಾರೇನು?’ ಎಂದಳು. ಹೋಗಿ ಬಂದದ್ದು ಇವತ್ತೋ ನಿನ್ನೆಯೋ ಎಂದು ನಾವಿಬ್ಬರೂ ಸೇರಿ ವಾದಿಸಿದೆವು. ಸಾಕ್ಷಿ ಇಲ್ಲದ್ದರಿಂದ ವಾದ ಅವಳ ಪರವಾಗಿ ಮುಗಿಯಿತು. ಅಂದೇ ನಿರ್ಧರಿಸಿ ನನ್ನ ಮುಂಗೈಗೆ ಒಬ್ಬ ಸಾಕ್ಷಿಯನ್ನು ಕಟ್ಟಿಕೊಂಡೆ. ಅದು ಬೆಟ್ಟ ಹತ್ತುವವರೂ ಸಮುದ್ರಕ್ಕೆ ಧುಮುಕುವವರೂ ಕಟ್ಟಿಕೊಳ್ಳುವ ಗಡಿಯಾರ. ಅಂಗೈಯಷ್ಟು ಅಗಲ, ಸುತ್ತಲೂ ಗುಂಡಿಗಳು. ನಡೆದದ್ದನ್ನು ಅಳೆಯುತ್ತದೆ, ನಿಂತ ನೆಲದ ಎತ್ತರ ಹೇಳುತ್ತದೆ, ಬಿರುಗಾಳಿ ಬರುವ ಮುನ್ನ ಕೂಗುತ್ತದೆ, ನೀರಿನ ಆಳ ತೋರಿಸುತ್ತದೆ, ನಾಡಿ ನೋಡುತ್ತದೆ, ದಿಕ್ಕು ಹೇಳುತ್ತದೆ. ವೇಳೆಯನ್ನೂ ತೋರಿಸುತ್ತದೆ, ಆದರೆ ಅದಕ್ಕೆ ಎರಡು ಗುಂಡಿ ಒತ್ತಬೇಕು.

ಇಂಥದ್ದನ್ನು ಸಾಕುವುದು ಸಣ್ಣ ಕೆಲಸವಲ್ಲ. ಸಮುದ್ರದಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ ಎಂದು ಅದರ ಕೈಪಿಡಿ ಹೇಳುತ್ತದೆ. ಬೀದರಿಗೆ ಸಮುದ್ರ ಎಷ್ಟು ದೂರ ಎಂಬುದು ಕೈಪಿಡಿ ಬರೆದವರಿಗೆ ಗೊತ್ತಿರಲಾರದು. ಆದರೂ ನಾನು ಪ್ರತಿ ಭಾನುವಾರ ಮೆತ್ತನೆಯ ಬ್ರಷ್ಷಿನಿಂದ ಅದರ ಪಟ್ಟಿ ಉಜ್ಜಿ, ಬೆನ್ನು ಒರೆಸಿ, ನೆರಳಿನಲ್ಲಿ ಒಣಗಿಸುತ್ತಿದ್ದೆ. ‘ಕೂಸಿಗೂ ಇಷ್ಟ ಎರದಿಲ್ಲ ನೀವು’ ಎಂದು ಶೈಲಾ ಹೇಳುತ್ತಿದ್ದಳು. ಅದರ ಉಪಕಾರವೂ ವಿಚಿತ್ರವಾಗಿತ್ತು. ಒಮ್ಮೆ ಪರೀಕ್ಷೆಯ ಕೆಲಸಕ್ಕೆಂದು ಔರಾದಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಆ ರಸ್ತೆಯ ಮೇಲೆ ಕೈ ತಾನಾಗಿಯೇ ಕುಣಿಯುತ್ತದೆ. ಔರಾದ ಮುಟ್ಟುವ ಮೊದಲೇ ಗಡಿಯಾರ ಗುಂಯ್‌ಗುಟ್ಟಿ, ಇವತ್ತಿನ ಗುರಿ ಮುಟ್ಟಿದಿರಿ, ಅಭಿನಂದನೆಗಳು ಎಂದು ಬರೆದು ತೋರಿಸಿತು. ಪಕ್ಕದವರು ಬಗ್ಗಿ ನೋಡಿ, ‘ಏನ್ರಿ, ಲಾಟರಿ ಹತ್ತೇದೇನು?’ ಎಂದು ಕೇಳಿದರು. ಕುಳಿತಲ್ಲೇ ಓಡಿದ ಆ ಸಾಧನೆಯನ್ನು ನಾನು ಅಳಿಸಲಿಲ್ಲ. ಶೈಲಾಳಂತೂ ನಾಡಿ ನೋಡುವ ಗುಂಡಿಯನ್ನು ಕಲಿತುಬಿಟ್ಟಳು. ‘ಈ ಸೀರಿ ನಂಗ ಒಪ್ತದೇನ್ರಿ?’ ಎಂದು ಕೇಳಿ ನನ್ನ ಮುಖದ ಬದಲು ಮುಂಗೈ ನೋಡುತ್ತಾಳೆ.

ಅಲ್ಲಿಯವರೆಗೆ ಆ ಗಡಿಯಾರದಿಂದ ನನಗೆ ಮಾತ್ರ ತೊಂದರೆಯಿತ್ತು. ಅದನ್ನು ಭಾಲ್ಕಿಗೆ ಒಯ್ದದ್ದರಿಂದ ನನ್ನ ತಂಗಿ ಸುನಂದಾಳ ನೌಕರಿಗೇ ಕುತ್ತು ಬರುವುದರಲ್ಲಿತ್ತು. ಅದನ್ನು ಸ್ವಲ್ಪ ವಿವರಿಸಿ ಹೇಳಬೇಕು.

ಸುನಂದಾ ಭಾಲ್ಕಿಯಲ್ಲಿ ಬಾಡಿಗೆ ಮನೆಯಲ್ಲಿದ್ದಳು. ಬಹಳ ವರ್ಷ ಕಾದ ಮೇಲೆ ಅವಳಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಅವಳ ಗಂಡ ಮಾಧವನ ಕೆಲಸ ಔರಾದದಲ್ಲಿ. ಬೆಳಗಿನ ಬಸ್ಸಿಗೆ ಹೋದವನು ಕತ್ತಲಾದ ಮೇಲೆ ಬರುತ್ತಾನೆ. ಅವರ ಪುಟ್ಟ ಮಗಳನ್ನು ನೋಡಿಕೊಳ್ಳಲು ಇದ್ದವರೆಂದರೆ ಮಾಧವನ ತಾಯಿ ಕಾಶಿಬಾಯಿ ಒಬ್ಬರೇ. ಅವರು ತಮ್ಮ ಹಳ್ಳಿ ಡಾಬಕಾದಲ್ಲಿ ಇರುತ್ತಿದ್ದರು. ಮೊಮ್ಮಗಳೆಂದರೆ ಪ್ರಾಣ. ಆದರೆ ಬಾಡಿಗೆ ಮನೆಯ ಬಾಗಿಲು ದಕ್ಷಿಣಕ್ಕಿತ್ತು. ‘ದಕ್ಷಿಣದ ಬಾಗಲದಾಗ ನಾ ನೀರೂ ಕುಡಿಯಂಗಿಲ್ಲ’ ಎಂದು ಅವರು ಹೊಸ್ತಿಲ ಆಚೆಯಿಂದಲೇ ಮೊಮ್ಮಗಳ ಕೈಗೆ ಉಂಡಿ ಕೊಟ್ಟು ಹಿಂದಿರುಗುತ್ತಿದ್ದರು. ಸುನಂದಾ ರಜೆಯ ಮೇಲೆ ರಜೆ ಹಾಕಿದಳು. ಕೊನೆಗೆ ಮೇಲಿನವರು, ‘ನೌಕರಿ ಮಾಡ್ತೀರೋ ಮನಿ ನೋಡ್ತೀರೋ, ಒಂದ್ ಹೇಳ್ರಿ’ ಎಂದರು. ಆಗಲೇ ಊರಿನ ಅಂಚಿನಲ್ಲಿದ್ದ ತಮ್ಮ ಹೊಲದ ತುಂಡಿನಲ್ಲಿ ಮನೆ ಕಟ್ಟಲು ಗಂಡ ಹೆಂಡತಿ ಮುಂದಾದದ್ದು. ಕಾಶಿಬಾಯಿ ಒಪ್ಪಿದರು. ಷರತ್ತು ಒಂದೇ: ತಲೆಬಾಗಿಲು ಕೂದಲೆಳೆಯಷ್ಟೂ ಸರಿಯದೆ ನೆಟ್ಟಗೆ ಪೂರ್ವಕ್ಕಿರಬೇಕು. ಇಲ್ಲದಿದ್ದರೆ ‘ಡಾಬಕಾ ನಂಗ ಭಾರ ಆಗಿಲ್ಲ’.

ದಿಕ್ಕು ನೋಡಲು ನನ್ನನ್ನು ಕರೆದರು. ಯಾಕೆಂದರೆ ಗಡಿಯಾರ ನನ್ನದು. ವಾಸ್ತು ಎಂಬುದು ಭಯದ ವ್ಯಾಪಾರ ಎಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುವವನು ನಾನು. ಹೋಗಬಾರದಿತ್ತು. ಆದರೆ ಕೊಂಡಾಗಿನಿಂದ ಆ ದಿಕ್ಸೂಚಿಯನ್ನು ಬಳಸುವ ಸಂದರ್ಭ ನನಗೆ ಒಮ್ಮೆಯೂ ಬಂದಿರಲಿಲ್ಲ. ಬೀದರಿನಲ್ಲಿ ದಾರಿ ತಪ್ಪಬೇಕೆಂದರೂ ತಪ್ಪುವುದಿಲ್ಲ, ಯಾರಾದರೂ ಹಿಡಿದು ಮನೆಗೆ ಬಿಡುತ್ತಾರೆ. ಯುಗಾದಿ ಕಳೆದ ಮೇಲೆ ಒಂದು ಮಟಮಟ ಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲಿದ್ದಾಗ, ನಾನು ಶೈಲಾಳೊಂದಿಗೆ ಆ ಹೊಲದಲ್ಲಿ ನಿಂತು ಮುಂಗೈ ಚಾಚಿದೆ. ಗೌಂಡಿ ಸುಣ್ಣದ ಪುಡಿ ಹಿಡಿದು ಕಾದಿದ್ದ. ಕಾಶಿಬಾಯಿ ಸೆರಗು ಹೊದ್ದು ಕೈಮುಗಿದರು. ನನಗೋ ಗಡಿಯಾರಕ್ಕೋ ತಿಳಿಯಲಿಲ್ಲ. ಮಾಧವ ತನ್ನ ಫೋನು ನೋಡುತ್ತ, ‘ಭಾವಾ, ನನ್ನ ಫೋನಿನ್ಯಾಗ ಪೂರ್ವ ಸ್ವಲ್ಪ ಈ ಕಡಿ ತೋರಸಲಕತ್ತದ ನೋಡ್ರಿ’ ಎಂದ. ನಾನು ನಕ್ಕೆ. ಫೋನು ಮಾತಾಡುವುದಕ್ಕೆ, ಇದು ಹಿಮಾಲಯದಲ್ಲಿ ಜೀವ ಉಳಿಸುವುದಕ್ಕೆ ಎಂದು ಒಂದು ಚಿಕ್ಕ ಉಪನ್ಯಾಸವನ್ನೇ ಕೊಟ್ಟೆ. ಜೀವನದಲ್ಲಿ ಮೊದಲ ಸಲ ನನ್ನ ಎದುರಿಗೆ ಒಬ್ಬ ಸಂಶಯವಾದಿ ನಿಂತಿದ್ದ, ನಾನು ಅವನ ಬಾಯಿ ಮುಚ್ಚಿಸಿದೆ. ನಾನು ತೋರಿಸಿದ ಕಡೆಗೆ ದಾರ ಎಳೆದರು, ಸುಣ್ಣದ ಗೆರೆ ಬಿತ್ತು, ಅಂದೇ ಪಾಯ ಅಗೆಯತೊಡಗಿದರು.

ಜೂನಿನಲ್ಲಿ ಮನೆ ನೋಡಲು ನಾವಿಬ್ಬರೂ ಮತ್ತೆ ಹೋದೆವು. ಗೋಡೆಗಳು ಎದ್ದು, ತಲೆಬಾಗಿಲ ಚೌಕಟ್ಟು ನಿಂತಿತ್ತು. ಮಾಡಿದ ಕೆಲಸವನ್ನು ಮತ್ತೊಮ್ಮೆ ಮೆಚ್ಚಿಕೊಳ್ಳೋಣವೆಂದು ಹೊಸ್ತಿಲಲ್ಲಿ ನಿಂತು ಗುಂಡಿ ಒತ್ತಿದೆ. ಬಾಗಿಲು ಪೂರ್ವಕ್ಕಿರಲಿಲ್ಲ. ಈಶಾನ್ಯದ ಕಡೆಗೆ ಚೆನ್ನಾಗಿಯೇ ಓರೆಯಾಗಿತ್ತು. ಆಚೆ ಹೋಗಿ ನೋಡಿದೆ, ಈಚೆ ಬಂದು ನೋಡಿದೆ. ಓರೆಯೇ. ನನಗೆ ಸ್ಪಷ್ಟವಾಗಿ ನೆನಪಿದೆ, ಅವತ್ತು ನಾನು ನಿಂತದ್ದು ಬೇವಿನ ಗಿಡದ ಕೆಳಗೆ, ಬಯಲಿನಲ್ಲಿ. ಶೈಲಾಳನ್ನು ಪಕ್ಕಕ್ಕೆ ಕರೆದು ಕೇಳಿದೆ.

‘ಬೇವಿನ ಗಿಡದ ಕೆಳಗ ನಾ ನಿಂತಿದ್ದೆ’ ಎಂದಳು ಅವಳು. ‘ಟ್ಯಾಂಕರ್ ನೀರು ಚೆಲ್ಲಿ ರಾಡಿ ಆಗಿತ್ತಲ್ರಿ. ಹೊಸ ಶೂ ಹೊಲಸ ಆಗ್ತಾವಂತ ನೀವು, ಗೌಂಡ್ಯಾರು ಕಬ್ಬಿಣದ ಸಳಿ ಒಟ್ಟಿದ್ರಲ್ಲ, ಅದರ ಮ್ಯಾಗ ಹತ್ತಿ ನಿಂತಿದ್ರಿ. ಪುತಳಿ ನಿಂತಂಗ ಕೈ ಚಾಚಿಕೊಂಡು.’

ಕಬ್ಬಿಣದ ಹತ್ತಿರ ದಿಕ್ಸೂಚಿ ಬಳಸಬೇಡಿ ಎಂದು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿದೆ. ನಾನು ಹತ್ತಿರವೂ ಅಲ್ಲ, ನೆತ್ತಿಯ ಮೇಲೆಯೇ ನಿಂತಿದ್ದೆ. ‘ನಿನಗೆ ಸರಿಯಾಗಿ ನೆನಪಿದೆಯೇ?’ ಎಂದು ಕೇಳಿದೆ. ಅವಳು ಗಡಿಯಾರದ ಗುಂಡಿ ಒತ್ತಿ ನನ್ನ ನಾಡಿ ನೋಡಿದಳು.

ಆಗ ನನ್ನ ತಲೆಯಲ್ಲಿ ನಡೆದ ಜಗಳವನ್ನು ಏನೆಂದು ಹೇಳಲಿ! ದಿಕ್ಕಿನಲ್ಲಿ ಏನೂ ಇಲ್ಲವೆಂಬುದು ನನ್ನ ಸಿದ್ಧಾಂತ. ಹಾಗಿದ್ದ ಮೇಲೆ ಬಾಗಿಲು ಎತ್ತ ತಿರುಗಿದರೇನು, ನಾನು ಯಾರಿಗೂ ಏನೂ ಕೆಡುಕು ಮಾಡಿಲ್ಲ. ಆದರೆ ಕಾಶಿಬಾಯಿಗೆ ತಿಳಿದರೆ ಅವರು ಡಾಬಕಾ ಬಿಡುವುದಿಲ್ಲ, ಸುನಂದಾ ನೌಕರಿ ಬಿಡಬೇಕಾಗುತ್ತದೆ. ಇಲ್ಲದ ದಿಕ್ಕು ತಪ್ಪಿದ್ದರಿಂದ ಇದ್ದ ನೌಕರಿ ಹೋಗುವುದು ಯಾವ ತರ್ಕ? ತಡೆಯಲಾರದೆ ತಂಗಿಗೆ ಎಲ್ಲವನ್ನೂ ಹೇಳಿಬಿಟ್ಟೆ.

‘ಅಣ್ಣಾ, ಜೀವನಪೂರ್ತಿ ದಿಕ್ಕು ಗಿಕ್ಕು ಎಲ್ಲಾ ಸುಳ್ಳ ಅಂತ ಭಾಷಣ ಮಾಡ್ದಿ. ಈಗ ಯಾಕ ನಡಗಲಕತ್ತಿ?’

‘ನಾನಲ್ಲ, ನಿಮ್ಮತ್ತೆ ನಂಬುತ್ತಾರಲ್ಲ!’

‘ಹಂಗಾದ್ರ ಬಾಯಿ ಮುಚ್ಚಿಕೊಂಡಿರು. ಅವರು ಇವತ್ತು ಸಂಜಿ ಬಸ್ಸಿಗೆ ಬರ್ತಾರ. ನಾಳೆ ಮುಂಜಾನಿ ಬಾಗಲದಾಗ ಸೂರ್ಯನ್ನ ನೋಡಿ, ಆಮ್ಯಾಲ ಹೂಂ ಅಂತಾರಂತ.’

ಮರುದಿನ ಬೆಳಗಿನ ಜಾವ ನಾವೆಲ್ಲ ಅರ್ಧ ಕಟ್ಟಿದ ಮನೆಯೊಳಗೆ ಸಾಲಾಗಿ ನಿಂತೆವು. ಮಿರಗದ ಮಳೆ ಎರಡು ದಿನದಿಂದ ನಿಂತು ಆಕಾಶ ಹೊಳವಾಗಿತ್ತು. ಮೋಡವಾದರೂ ಮುಸುಕಲಿ ಎಂದು ನಾನು ಹಾರೈಸುತ್ತಿದ್ದೆ. ಯಾರನ್ನು ಉದ್ದೇಶಿಸಿ ಹಾರೈಸಿದೆ ಎಂದು ಕೇಳಬೇಡಿ. ಕಾಶಿಬಾಯಿ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನಡುಮನೆಯಲ್ಲಿ ನಿಂತರು. ಸುನಂದಾ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದಳು. ಬಾಗಿಲ ಆಚೆ ಕೆಂಪೇರಿತು. ಸೂರ್ಯ ಚೌಕಟ್ಟಿನ ನಟ್ಟನಡುವೆ, ಅಳೆದು ಇಟ್ಟ ಹಾಗೆ ಮೇಲೆದ್ದ. ಬಿಸಿಲು ನೇರ ಬಂದು ಮುದುಕಿಯ ಪಾದದ ಮೇಲೆ ಬಿತ್ತು.

‘ಇದಕ್ಕ ಅಂತಾರ ಪೂರ್ವ!’ ಎಂದರು ಕಾಶಿಬಾಯಿ. ‘ಖರೆನೇ ಮಾಸ್ತರ, ನಿಮ್ಮ ಘಡ್ಯಾಳ ಬಂಗಾರ ಅದ.’

ಸುನಂದಾ ನನ್ನನ್ನು ನೋಡಿದಳು. ನಾನು ಜೂನ್ ತಿಂಗಳನ್ನು ನೆನೆದೆ. ಈ ಕಾಲದಲ್ಲಿ ಸೂರ್ಯ ಬಹಳಷ್ಟು ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ನಾನು ತಪ್ಪಿದ್ದೂ ಅತ್ತಲೇ. ಇಬ್ಬರೂ ಒಂದೇ ಕಡೆಗೆ ವಾಲಿದ್ದರಿಂದ ಭೇಟಿಯಾದೆವು. ಆದರೆ ಸೂರ್ಯ ನಿಂತಲ್ಲಿ ನಿಲ್ಲುವವನಲ್ಲ, ಬಾಗಿಲು ನಿಲ್ಲುತ್ತದೆ. ಚಳಿಗಾಲಕ್ಕೆ ಅವನು ಪೂರ್ತಿ ದಕ್ಷಿಣದ ಕಡೆಗೆ ಹೋದಾಗ ಏನು ಹೇಳುವುದು?

ದೀಪಾವಳಿ ಆದ ಮೇಲೆ ಗೃಹಪ್ರವೇಶವಾಯಿತು. ಕಾಶಿಬಾಯಿ ತಮ್ಮ ಟ್ರಂಕಿನೊಂದಿಗೆ ಬಂದು ನೆಲೆಸಿದರು. ಸುನಂದಾ ರಾತ್ರಿ ಪಾಳಿಗೂ ಹೋಗತೊಡಗಿದಳು. ಬೀದರಿನಲ್ಲಿ ನಾನು ಮಾತ್ರ ಮಾಳಿಗೆಯ ಮೇಲೆ ನಿಂತು, ದಿನದಿನಕ್ಕೂ ದಕ್ಷಿಣಕ್ಕೆ ಜಾರುತ್ತಿದ್ದ ಸೂರ್ಯನನ್ನು ನೋಡಿ ಕಂಗಾಲಾಗುತ್ತಿದ್ದೆ. ಕೊನೆಗೆ ಆ ದಪ್ಪ ಕೈಪಿಡಿಯನ್ನು ಮೊದಲಿನಿಂದ ಓದಿದೆ. ಅದರಲ್ಲಿ ಒಂದು ಸೌಲಭ್ಯವಿತ್ತು. ದಿಕ್ಸೂಚಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಊರಿಂದ ಊರಿಗೆ ಸ್ವಲ್ಪ ವ್ಯತ್ಯಾಸವಿರುತ್ತದಂತೆ, ಆ ತಿದ್ದುಪಡಿಯನ್ನು ಬಳಕೆದಾರರು ಕೈಯಾರೆ ತುಂಬಬಹುದಂತೆ. ನಾನು ತುಂಬಿದೆ. ಸ್ವಲ್ಪವಲ್ಲ, ಬಾಗಿಲು ಎಷ್ಟು ಓರೆಯಿತ್ತೋ ಅಷ್ಟನ್ನೂ ತುಂಬಿದೆ. ಒಬ್ಬ ಮುದುಕಿಯ ನೆಮ್ಮದಿಗೆ ಅಡ್ಡ ಬರಬಾರದೆಂದು ಭೂಮಿಯ ಉತ್ತರವನ್ನೇ ಒಂದಿಷ್ಟು ತಿರುಗಿಸಿಟ್ಟೆ.

ಎಳ್ಳ ಅಮಾವಾಸ್ಯೆಗೆ ಕಾಳು ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಣ್ಣಲು ಬರಬೇಕೆಂದು ಕಾಶಿಬಾಯಿಯೇ ಹೇಳಿ ಕಳಿಸಿದರು. ಬೆಳಿಗ್ಗೆ ನಾವು ಹೋಗಿ ಇಳಿದಾಗ ಅವರು ಹೊಸ್ತಿಲಲ್ಲಿ ನಿಂತಿದ್ದರು. ಸುನಂದಾ ಸಮವಸ್ತ್ರ ತೊಟ್ಟು, ಊಟದ ಡಬ್ಬಿ ಹಿಡಿದು, ಹಗಲು ಪಾಳಿಗೆ ಹೊರಟಿದ್ದಳು.

‘ಬರ್ರಿ ಮಾಸ್ತರ, ನಿಮ್ಮ ಹಾದಿನೇ ನೋಡಲಕತ್ತಿದ್ದೆ’ ಎಂದರು ಕಾಶಿಬಾಯಿ. ‘ಚಳಿಗಾಲದಾಗ ಸೂರ್ಯ ಸರೀತಾನ, ನಂಗ ಗೊತ್ತಿಲ್ಲೇನು? ಡಾಬಕಾದಾಗ ಹುಣಸಿ ಗಿಡದ ತನಕ ಹೋಗಿ ಹೊಳ್ಳಿ ಬರ್ತಿದ್ದ. ಇಲ್ಲಿ ನೋಡ್ರಿ, ಬಾಗಲದಾಗ ಕಾಣಂಗೇ ಇಲ್ಲ. ಇಷ್ಟ ಸರೀತಾನೇನ್ರಿ? ಒಂದೋ ಅಂವ ತಪ್ಪ್ಯಾನ, ಇಲ್ಲಂದ್ರ ಬಾಗಲ ತಪ್ಪೇದ. ಘಡ್ಯಾಳ ತಗೀರಿ.’

ಹೊರಟಿದ್ದ ಸುನಂದಾ ಡಬ್ಬಿ ಹಿಡಿದು ಅಲ್ಲೇ ನಿಂತಳು. ನಾನು ಮುಂಗೈ ಚಾಚಿ ಗುಂಡಿ ಒತ್ತಿದೆ. ಮುಳ್ಳು ಸ್ವಲ್ಪ ತೂಗಾಡಿ ನಿಂತಿತು. ನೆಟ್ಟಗೆ ಪೂರ್ವ. ಕಾಶಿಬಾಯಿ ಕನ್ನಡಕ ಹಾಕಿಕೊಂಡು ಅದನ್ನು ನೋಡಿದರು, ಬಾಗಿಲನ್ನು ನೋಡಿದರು, ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಒಳಗಿನಿಂದ ಮೊಮ್ಮಗಳು ‘ಆಯೀ’ ಎಂದು ಕೂಗುತ್ತ ಬಂದು ಅವರ ಸೆರಗು ಹಿಡಿದಳು. ಅವರು ಅವಳನ್ನು ಎತ್ತಿಕೊಂಡರು.

‘ಹಂಗಾದ್ರ ಸೂರ್ಯಂದೇ ತಪ್ಪು’ ಎಂದರು. ‘ಅವಗೂ ವಯಸ್ಸಾತಲ್ಲ. ಎಲ್ಲಿ ಹುಟ್ಟಬೇಕಂತ ನೆಪ್ಪ ಇರಂಗಿಲ್ಲ, ನಿಮ್ಮಂಗೇ. ಸುನಂದಾ, ನೀ ಯಾಕ ನಿಂತಿ? ಡ್ಯೂಟಿಗಿ ಹೊತ್ತಾಗ್ತದ, ನಡಿ.’

ಸುನಂದಾ ಹೋದಳು. ಹೋಗುವ ವೇಗ ನೋಡಿದರೆ ಗಡಿಯಾರ ಅವಳಿಗೆ ಅಭಿನಂದನೆ ಹೇಳಬೇಕಿತ್ತು. ಮುದುಕಿಗೆ ಎಷ್ಟು ಗೊತ್ತಾಯಿತು ಎಂದು ನಾನು ಇಂದಿಗೂ ಖಚಿತವಾಗಿ ಹೇಳಲಾರೆ. ಅಂದು ನನ್ನ ತಟ್ಟೆಗೆ ಭಜ್ಜಿ ಮಾತ್ರ ಮೂರು ಸಲ ಬಿತ್ತು.

ಮನೆಗೆ ಬಂದು ಗಡಿಯಾರದ ಉತ್ತರವನ್ನು ಮೊದಲಿನಂತೆ ಇಡಲು ಕುಳಿತೆ. ಮೊದಲು ಅಲ್ಲಿ ಏನಿತ್ತು ಎಂಬುದು ನೆನಪಾಗಲಿಲ್ಲ. ನಾನು ಎಡಕ್ಕೆ ತಿರುಗಿಸಿದ್ದೆನೋ ಬಲಕ್ಕೋ ಎಂಬುದೂ ನೆನಪಾಗಲಿಲ್ಲ. ತಿರುಗಿಸಿ ನೋಡಿದೆ, ಮತ್ತೆ ತಿರುಗಿಸಿದೆ, ಈಗ ಅದು ಯಾವ ಊರಿನ ಉತ್ತರವನ್ನು ತೋರಿಸುತ್ತಿದೆಯೋ ನನಗೆ ತಿಳಿಯದು. ದಿಕ್ಕುಗಳನ್ನು ನಂಬದವನಿಗೆ ಇದರಿಂದ ಆಗುವ ನಷ್ಟವೇನು ಎಂದು ಸಮಾಧಾನ ಮಾಡಿಕೊಂಡು ಸುಮ್ಮನಾಗಿದ್ದೆ. ಅಷ್ಟರಲ್ಲಿ ಇವತ್ತು ಬೆಳಿಗ್ಗೆ ಶೈಲಾ ನನ್ನ ಶೂ ಒರೆಸಿ ಹೊರಗಿಟ್ಟಿದ್ದಳು. ಯಾಕೆಂದು ಕೇಳಿದೆ. ನನ್ನ ಸಹೋದ್ಯೋಗಿಯೊಬ್ಬರು ಬಗದಲ್‌ನಲ್ಲಿ ಮನೆ ಕಟ್ಟಿಸುತ್ತಿದ್ದಾರಂತೆ. ಭಾಲ್ಕಿಯ ಬಾಗಿಲಿನ ಸುದ್ದಿ ಅವರ ಕಿವಿಗೂ ಬಿದ್ದಿದೆಯಂತೆ. ಪಾಯಕ್ಕೆ ದಿಕ್ಕು ನೋಡಲು ಇವತ್ತೇ ಬರುತ್ತೇನೆಂದು ನಾನೇ, ನನ್ನ ಬಾಯಿಯಿಂದಲೇ, ಅವರಿಗೆ ಮಾತು ಕೊಟ್ಟಿದ್ದೇನಂತೆ.