ಖಾಲಿ ತಟ್ಟೆ ಬಾರದ ಬೀದಿ

ಮದ್ದೂರಿನ ನಮ್ಮ ಬೀದಿಯಲ್ಲಿ ಡಿಸೆಂಬರ್ ಬಂತೆಂದರೆ ಏನಾದರೊಂದು ಆಗಿಯೇ ಆಗುತ್ತದೆ. ಸುಮ್ಮನೆ ಹಬ್ಬ ಮಾಡಿ ಸುಮ್ಮನೆ ಮಲಗಿದ ವರ್ಷ ನನಗೆ ನೆನಪಿಲ್ಲ. ನಾನು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸು. ಬೀದಿಗೆಲ್ಲ ಒಂದೇ ಕ್ರೈಸ್ತರ ಮನೆ ನಮ್ಮದು. ಮಳವಳ್ಳಿಯಿಂದ ವರ್ಗವಾಗಿ ಬಂದಾಗ, "ಊರು ಹೊಸದು, ಜನ ಹೊಸಬರು, ಹೇಗೋ ಏನೋ" ಎಂದು ನಮ್ಮ ಯಜಮಾನರು ಹೆದರಿದ್ದರು. ನಾನು ಹೆದರಲಿಲ್ಲ. ಒಬ್ಬ ಬಾಣಂತಿಯನ್ನು ನೋಡಲು ಬರುವ ಒಂದು ಟೆಂಪೋ ನೆಂಟರನ್ನು ಬಾಗಿಲಾಚೆ ನಿಲ್ಲಿಸುವವಳಿಗೆ ಒಂದು ಬೀದಿ ಯಾವ ಲೆಕ್ಕ?

ಆದರೆ ಆ ಬೀದಿಯಲ್ಲಿ, ಅದೂ ನಮ್ಮ ಗೋಡೆಗೆ ಅಂಟಿಕೊಂಡ ಮನೆಯಲ್ಲಿ, ದೊಡ್ಡವ್ವ ಇದ್ದರು. ನಿಡಘಟ್ಟದ ಕಡೆ ಗದ್ದೆ, ಮನೆ ತುಂಬ ಗಂಡುಮಕ್ಕಳು, ಸೊಸೆಯರು. ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ.

ಕ್ರಿಸ್ಮಸ್ಸಿಗೆ ಮುಂಚಿನ ವಾರಗಳನ್ನು ನಾವು ಆಗಮನ ಕಾಲ ಎನ್ನುತ್ತೇವೆ. ನಾವು ಈ ಬೀದಿಗೆ ಬಂದ ವರ್ಷ ಅದರ ಮೊದಲ ಭಾನುವಾರ ಫಾದರ್ ಹೇಳಿದರು: "ಈ ಸಲ ಪ್ರತಿಯೊಬ್ಬರೂ ನೆರೆಮನೆಯವರಿಗೆ ಒಂದು ಉಪಕಾರ ಮಾಡಿ. ತಿರುಗಿ ಏನೂ ಬರಬಾರದು, ಅಂಥ ಉಪಕಾರ."

ಪೂಜೆ ಮುಗಿದ ಮೇಲೆ ನಾನು ಎಲ್ಲರೆದುರಿಗೇ, "ಇದೇನು ಮಹಾ ಫಾದರ್, ಇದೇ ವಾರ ಮಾಡಿ ಮುಗಿಸ್ತೀನಿ" ಎಂದೆ. ಫಾದರ್ ನಕ್ಕರು. ಅವರು ಬಸರಾಳಿನ ಕಡೆಯವರು, ಈ ಜನವನ್ನು ಬಲ್ಲವರು. ಯಾಕೆ ನಕ್ಕರೆಂದು ನನಗೆ ಆಮೇಲೆ ತಿಳಿಯಿತು.

ತಟ್ಟೆ

ಮೊದಲು ಕೇಕು ಮಾಡಿದೆ. ಸ್ಟೀಲ್ ತಟ್ಟೆ ತುಂಬ ಜೋಡಿಸಿ ದೊಡ್ಡವ್ವನ ಮನೆಗೆ ಕೊಟ್ಟು ಬಂದೆ. ಸಂಜೆಯೊಳಗೆ ತಟ್ಟೆ ವಾಪಸ್ ಬಂತು, ಹಿತುಕಿದ ಅವರೆಬೇಳೆ ತುಂಬಿಕೊಂಡು. ಅಷ್ಟು ಬೇಳೆ ಹಿತುಕಲು ಎಷ್ಟು ಬೆರಳು ನೋಯಬೇಕೆಂದು ಹಿತುಕಿದವರಿಗೇ ಗೊತ್ತು. ನನ್ನ ಕೇಕು ಓವನ್ನಿನಲ್ಲಿ ತಾನೇ ತಾನಾಗಿ ಬೆಂದದ್ದು.

ಮರುದಿನ ಅದೇ ತಟ್ಟೆಯಲ್ಲಿ ಕಜ್ಜಾಯ ಕಳಿಸಿದೆ. ಬೆಲ್ಲದಚ್ಚು ಬಂತು. ಚಕ್ಕುಲಿ ಕಳಿಸಿದೆ. ತಟ್ಟೆಯ ಜೊತೆಗೆ ಒಂದು ಬಾಳೆಗೊನೆ ಬಂತು. ನಮ್ಮ ಅಡಿಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತಾದಾಗ ನನಗೆ ಬುದ್ಧಿ ಹೊಳೆಯಿತು. ತುಂಬಿ ಕೊಡಲು ಪಾತ್ರೆಯೇ ಇಲ್ಲದಿದ್ದರೆ? ಪೇಪರ್ ತಟ್ಟೆಯಲ್ಲಿ ಕೇಕಿಟ್ಟು, "ತಿಂದು ಬಿಸಾಕಿ ದೊಡ್ಡವ್ವ, ತಟ್ಟೆ ವಾಪಸ್ ಬೇಡ" ಎಂದು ಗೆದ್ದವಳ ಹಾಗೆ ಬಂದೆ.

ಸಂಜೆ ದೊಡ್ಡವ್ವ ಹೊಚ್ಚ ಹೊಸ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು. ತುಂಬ ರಾಗಿ ಹುರಿಹಿಟ್ಟು.

"ದೊಡ್ಡವ್ವ, ಈ ಡಬ್ಬಿ ನಮ್ಮದಲ್ಲ."

"ನಿಮ್ದಲ್ಲ ಅಂತ ನಂಗೊತ್ತಿಲ್ವಾ? ಪಾಪ, ಮನೇಲಿ ಪಾತ್ರೆ ಇಲ್ದೆ ಪೇಪರ್‌ನಲ್ಲಿ ಕೊಡೋ ಅಂಗಾಯ್ತಲ್ಲ ಅಂತ ಒಟ್ಟೆ ಉರ್ದೋಯ್ತು ಕಣವ್ವ. ಡಬ್ಬೀನೂ ನೀನೇ ಮಡಿಕ್ಕೊ."

ಮೊರ

ಹಾಡನ್ನಂತೂ ಯಾರೂ ಪಾತ್ರೆಗೆ ತುಂಬಿ ವಾಪಸ್ ಕೊಡಲಾರರು. ಹಾಗೆಂದುಕೊಂಡು ನಮ್ಮ ಚರ್ಚಿನ ಕ್ಯಾರಲ್ ತಂಡಕ್ಕೆ, "ನಮ್ಮನೆ ಒಂದೇ ಅಲ್ಲ, ಬೀದಿಯ ಎಲ್ಲರ ಮನೆ ಮುಂದೆಯೂ ಹಾಡಿ" ಎಂದೆ. ಒಬ್ಬನ ಕೈಲಿ ಗಿಟಾರು, ಇನ್ನೊಬ್ಬನ ಕೊರಳಲ್ಲಿ ಡೋಲು, ಜೊತೆಗೆ ಕೆಂಪಂಗಿ, ಹತ್ತಿಯ ಗಡ್ಡದ ಕ್ರಿಸ್ಮಸ್ ತಾತ. ಹೆಗಲಲ್ಲಿ ಚಾಕಲೇಟಿನ ಚೀಲ.

ದೊಡ್ಡವ್ವನ ಬಾಗಿಲಲ್ಲಿ ಹಾಡು ಶುರುವಾಯಿತು. ಅವರು ಎರಡು ಸಾಲು ಕೇಳಿ ಒಳಗೆ ಹೋದರು. ಬಂದಾಗ ಕೈಯಲ್ಲಿ ಮೊರ, ಮೊರದ ತುಂಬ ರಾಗಿ. ಬಾಗಿಲಿಗೆ ಬಂದು ಹಾಡುವ ದಾಸಯ್ಯನನ್ನು ಬರಿಗೈಯಲ್ಲಿ ಕಳಿಸುವ ಮನೆ ಈ ಸೀಮೆಯಲ್ಲೇ ಇಲ್ಲ.

"ಜೋಳಿಗೆ ಇಡೀಪ್ಪ" ಎಂದು ತಾತನ ಚೀಲಕ್ಕೆ ಸುರಿದೇಬಿಟ್ಟರು. ಚಾಕಲೇಟೆಲ್ಲ ರಾಗಿಯೊಳಗೆ ಹೂತುಹೋಯಿತು. ಇದನ್ನು ಕಂಡ ಆಚೆಮನೆಯವರೂ ಮೊರ ಹಿಡಿದು ನಿಂತರು. ಬೀದಿಯ ಕೊನೆಗೆ ಬರುವಷ್ಟರಲ್ಲಿ ಗಿಟಾರಿನ ಚೀಲಕ್ಕೂ ಅಕ್ಕಿ ತುಂಬಿ, ಗಿಟಾರನ್ನು ಮಗುವಿನ ಹಾಗೆ ಎತ್ತಿಕೊಂಡು ನಡೆಯಬೇಕಾಯಿತು.

"ದೊಡ್ಡವ್ವ, ಅವರು ದಾಸಯ್ಯಗಳಲ್ಲ" ಎಂದೆ.

"ಗೊತ್ತು ಬುಡು. ಪದವೇನೋ ಚೆಂದಾಗದೆ. ಆದ್ರೆ ಸಂಕ ಊದ್ದೆ ಓಯ್ತಾವ್ರಲ್ಲ, ಮನೆಗೆ ಒಳ್ಳೇದಾಗದು ಎಂಗೆ?"

ಬೇರೆ ದಾರಿ ಕಾಣದೆ ನಮ್ಮ ಕ್ರಿಸ್ಮಸ್ ತಾತ ಗಡ್ಡ ಸರಿಸಿ, ಎರಡೂ ಕೈ ಬಾಯಿಗೆ ಹಿಡಿದು ಭೋಂ ಎಂದು ಊದಿದ.

ಒಂದು ಹಿಡಿ ಹುಲ್ಲು

ಉಪಕಾರ ಹಾಗಿರಲಿ, ಮೊದಲು ಗೋದಲಿ ಕಟ್ಟೋಣವೆಂದು ಕೂತೆ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಿಟ್ಟು ತೋರಿಸುವುದಕ್ಕೆ ಗೋದಲಿ ಎನ್ನುತ್ತಾರೆ. ನಮ್ಮ ಬೊಂಬೆಗಳು ಮೊಳದುದ್ದದವು. ಹುಲ್ಲು ಬೇಕಿತ್ತು. ಎದುರುಮನೆಯಲ್ಲಿ ಹಸು ಕಟ್ಟಿದ್ದ ಯಜಮಾನರನ್ನು ಒಂದು ಹಿಡಿ ಕೇಳಿದೆ.

"ಯಾತುಕ್ಕೆ ಸಿಸ್ಟ್ರಮ್ಮ?"

"ನಮ್ಮ ದೇವರು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ. ಅದನ್ನ ಕಟ್ಟಬೇಕು."

ಅವರ ಮುಖ ಅರಳಿತು. ಕೊಟ್ಟಿಗೆಯಲ್ಲಿ ಹುಟ್ಟಿದ ದೇವರ ಮೇಲೆ ಅವರಿಗೆ ಒಳ್ಳೆಯ ಅಭಿಪ್ರಾಯ ಬಂದಹಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಗೇಟಿಗೆ ಅಡ್ಡಲಾಗಿ ಒಂದು ಟ್ರ್ಯಾಕ್ಟರ್ ಹುಲ್ಲು ಇಳಿದಿದೆ. ಅವತ್ತು ಡ್ಯೂಟಿಗೆ ನಾನು ಹಿತ್ತಿಲ ಬಾಗಿಲಿಂದ ಹೋದೆ.

"ಒಂದು ಹಿಡಿ ಅಂದಿದ್ದೆನಲ್ಲ!" ಎಂದರೆ, "ಒಂದ್ ಇಡೀಲಿ ಯಾವ್ ದನದ ಒಟ್ಟೆ ತುಂಬ್ತದೆ ಸಿಸ್ಟ್ರಮ್ಮ? ಅದೂ ದೇವ್ರು ಮನೆ ದನ ಉಪಾಸ ಇರಬೇಕಾ?" ಎಂದು ನನಗೇ ಬೈದರು.

ಹಸಿ ಬಾಣಂತಿ

ಕ್ರಿಸ್ಮಸ್ ದಿನ ಬೀದಿಯವರೆಲ್ಲ ಗೋದಲಿ ನೋಡಲು ಬಂದರು. ದೊಡ್ಡವ್ವ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು.

"ಈ ಎಣ್ಮಗಳು ಯಾರು?"

"ಮರಿಯಮ್ಮನವರು. ಮಗುವಿನ ತಾಯಿ."

"ಎರ್ಗೆ ಯಾವತ್ತಾಯ್ತು?"

"ನೆನ್ನೆ ರಾತ್ರಿ."

ಮುಗಿಯಿತು. ದೊಡ್ಡವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ನೆನ್ನೆ ಎತ್ತೋಳ್ನ ಇವತ್ತು ಮಂಡಿ ಮೇಲೆ ಕೂರ್ಸಿದ್ದೀಯಾ? ಕಿಟಕಿ ತೆಗ್ದದೆ, ಕಿವಿಗೆ ಒಂದ್ ಬಟ್ಟೆ ಇಲ್ಲ. ಮಗೀನ ಬರೀ ಮೈಲಿ ಉಲ್ಲಿನ್ ಮೇಲೆ ಮಲಗ್ಸಿದ್ದೀಯ. ನೀನು ನರ್ಸಾ?"

ನನ್ನ ಸರ್ವಿಸ್ಸಿನಲ್ಲಿ ಯಾವ ದೊಡ್ಡ ಡಾಕ್ಟರೂ ನನ್ನನ್ನು ಹಾಗೆ ಕೇಳಿದ್ದಿಲ್ಲ. "ದೊಡ್ಡವ್ವ, ಅದು ಬೊಂಬೆ" ಎಂದೆ.

"ನಮ್ ದೇವ್ರೂ ಕಲ್ಲೇಯ ಕಣವ್ವ. ಕಲ್ಲು ಅಂತ ಎಡೆ ಇಕ್ದೆ ಬುಡ್ತೀವಾ?"

ಕಿಟಕಿ ಮುಚ್ಚಿತು. ಮರಿಯಮ್ಮನವರ ಕಿವಿ ಮುಚ್ಚುವಂತೆ ಉಲ್ಲನ್ ಮಫ್ಲರಿನ ತುಂಡು ಸುತ್ತಿದ್ದಾಯಿತು. ಮಗುವಿಗೆ ಹಳೇ ಸೀರೆಯ ಮೆತ್ತನೆ ಬಟ್ಟೆ, ಕೆನ್ನೆಗೆ ದೃಷ್ಟಿಬೊಟ್ಟು. ಮೆಣಸು ಬೆಳ್ಳುಳ್ಳಿ ಸಾರು, ಬಿಸಿ ಅನ್ನ ಬಂತು. ಮಗುವಿಗೆ ಹೊಗೆ ಹಾಕಬೇಡಿ ಎಂದು ವಾರ್ಡಿನಲ್ಲಿ ದಿನವೂ ಗಂಟಲು ಹರಿದುಕೊಳ್ಳುವ ನನ್ನ ಮನೆಯಲ್ಲೇ ಸಾಂಬ್ರಾಣಿ ಹೊಗೆ ಎದ್ದಿತು.

"ಈ ಗಡ್ಡದೋರು ಮೂರು ಜನ ಯಾರು?"

"ದೂರದೇಶದ ರಾಜರು, ರಾಯರು ಅಂತೀವಿ. ಮಗು ನೋಡಲು ಕಾಣಿಕೆ ತಂದಿದ್ದಾರೆ."

"ಅನ್ನೊಂದು ದಿನದ ಸೂತ್ಕ ಕಳೀಲಿ, ಆಮೇಲೆ ನೋಡ್ಲಿ. ಈಗ ಒರ್ಗಡೆ ಕೂತ್ಕಳ್ಲಿ." ರಾಯರು ಒಂಟೆಗಳ ಸಮೇತ ಜಗಲಿಗೆ ಹೋದರು. ನಾನು ಮರಿಯಮ್ಮನವರ ಗಂಡ ಜೋಸೆಫರನ್ನೂ ಎತ್ತಲು ಹೋದೆ. "ಅವಯ್ಯ ಇರ್ಲಿ" ಎಂದರು ದೊಡ್ಡವ್ವ. "ನೀರು ಕಾಯ್ಸಕ್ಕೆ ಒಬ್ರು ಬೇಕು."

ಸಂಜೆ ಪವಿತ್ರಜಲ ಚಿಮುಕಿಸಿ ಗೋದಲಿ ಮಂತ್ರಿಸಲು ಫಾದರ್ ಬಂದರು. ಜಗಲಿಯಲ್ಲಿ ರಸ್ತೆ ನೋಡುತ್ತ ಕೂತ ಮೂವರು ರಾಯರನ್ನು ಕಂಡು ಅವರ ಹುಬ್ಬು ಏರಿತು. ಬಾಗಿಲಲ್ಲೇ ದೊಡ್ಡವ್ವ ತಡೆದರು: "ಸ್ವಾಮಿ, ಕಾಲ್ ತೊಳ್ಕಂಡ್ ಬನ್ನಿ. ಅಸಿ ಬಾಣ್ತಿ ಅವ್ಳೆ."

ಫಾದರ್ ಕಾಲು ತೊಳೆದು ಬಂದರು. ಬಗ್ಗಿ ಗೋದಲಿಯನ್ನು ನೋಡಿದರು. ಬೈಯುತ್ತಾರೆಂದು ನಾನು ಗಟ್ಟಿಯಾಗಿ ನಿಂತಿದ್ದೆ. ಅವರು ಹೇಳಿದ್ದಿಷ್ಟು: "ಮರಿಯಮ್ಮನವರಿಗೆ ಯಾರೂ ಬಾಗಿಲು ತೆರೆಯದ ಅವತ್ತು ಈ ಅಮ್ಮನ ಮನೆ ಬೆತ್ಲೆಹೇಮಿನಲ್ಲಿ ಇರಬೇಕಿತ್ತು." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಉಪಕಾರ ಎಲ್ಲಿಗೆ ಬಂತು?" ಎಂದರು.

"ಸೋತಿಲ್ಲ ಫಾದರ್. ಆಟ ಇನ್ನೂ ನಡೀತಾ ಇದೆ" ಎಂದೆ.

ತವರು

ಜನವರಿಯಲ್ಲಿ ಮೂರು ರಾಯರ ಹಬ್ಬವೂ ಮುಗಿದ ಮೇಲೆ ಬೊಂಬೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ದೊಡ್ಡವ್ವ ಬಂದರು.

"ಬಾಣ್ತೀನ ಅಟ್ಟದ್ ಮೇಲಕ್ಕೆ ಆಕ್ತೀಯಾ?"

ಜಗಳಕ್ಕೆ ಸಿದ್ಧಳಾಗಿ ತಲೆ ಎತ್ತಿದೆ. ಆದರೆ ದೊಡ್ಡವ್ವನ ದನಿ ಇಳಿದಿತ್ತು. "ನಂಗೆ ಉಟ್ಟಿದ್ದೆಲ್ಲಾ ಗಂಡೇಯ ಕಣವ್ವ. ಸೊಸೇರು ಬಾಣ್ತನಕ್ಕೆ ಅವರವರ ತವ್ರಿಗೆ ಓದ್ರು. ಮೊಮ್ಮಕ್ಕಳು ಕೈಗೆ ಬರೋ ಒತ್ಗೆ ಐದು ತಿಂಗಳಾಗಿರದು. ಒಂದ್ ಎಣ್ಮಗಳ್ಗೆ ಬಾಣ್ತನ ಮಾಡಿ ಕಳ್ಸೋ ಬಾಗ್ಯ ನನ್ ಕೈಗೆ ಬರ್ನಿಲ್ಲ. ಐದು ತಿಂಗ್ಳು ನಮ್ಮನೇಲಿರ್ಲಿ ಬುಡು."

ನನ್ನ ಕಣ್ಣು ತುಂಬಿತು. ಅಲ್ಲಿಯವರೆಗೆ ಬರೀ ಕೊಡುತ್ತಲೇ ಇದ್ದ ದೊಡ್ಡವ್ವ ಮೊದಲ ಸಲ ನನ್ನಲ್ಲಿ ಏನನ್ನೋ ಕೇಳಿದ್ದರು. ತಾಯಿ ಮಗುವನ್ನು ಅವರ ಮಡಿಲಿಗೇ ಇಟ್ಟೆ. ಜೋಸೆಫರನ್ನೂ ಎತ್ತಿಕೊಟ್ಟೆ.

"ಅವಯ್ಯನ್ನ ಬ್ಯಾಡ. ಅಳಿಮಯ್ಯ ವಾರುಕ್ಕೊಂದ್ ದಿನ ಬಂದು ನೋಡ್ಕಂಡ್ ಓಗ್ಲಿ."

ಹೀಗಾಗಿ ಪ್ರತಿ ಭಾನುವಾರ ಚರ್ಚಿನಿಂದ ಬಂದವಳೇ ನಾನು ಜೋಸೆಫರನ್ನು ಕಂಕುಳಲ್ಲಿಟ್ಟುಕೊಂಡು ಅತ್ತೆಮನೆಗೆ ಕರೆದೊಯ್ಯಬೇಕಾಯಿತು. ಆದರೂ ನನಗೆ ಸಂತೋಷವೇ. "ಆಯ್ತು ಫಾದರ್, ಕೊಟ್ಟೆ. ತಿರುಗಿ ಏನೂ ಬಂದಿಲ್ಲ" ಎಂದು ಹೇಳಿದೆ. ಫಾದರ್ ಮತ್ತೆ ನಕ್ಕರು.

ಐದು ತಿಂಗಳು ತುಂಬಿದ ದಿನ ದೊಡ್ಡವ್ವ ಸೊಸೆಯರನ್ನೆಲ್ಲ ಕರೆದುಕೊಂಡು ಬಂದರು. ಮರಿಯಮ್ಮನವರಿಗೆ ರೇಷ್ಮೆ ರವಿಕೆ ಕಣದ ಸೀರೆ. ಬೊಂಬೆಯ ಕೈಗೆ ದೊಡ್ಡವಾದ ಹಸಿರು ಬಳೆಗಳು ಕೊರಳಿಗೇರಿದ್ದವು. ಮಗುವಿನ ಸೊಂಟದಲ್ಲಿ ಉಡಿದಾರ. ಹಿಂದೆಯೇ ಒಂದು ಬುಟ್ಟಿಯಲ್ಲಿ ಮಡಿಲಕ್ಕಿ, ಕೊಬ್ಬರಿ, ಬೆಲ್ಲ.

"ತವ್ರಿಂದ ಎಣ್ಮಗಳ್ನ ಬರೀ ಮಡ್ಲಲ್ಲಿ ಕಳಿಸ್ತಾರಾ?" ಎಂದರು ದೊಡ್ಡವ್ವ.

ಸೋತೆ. ಆ ಅಕ್ಕಿಯಲ್ಲಿ ಪಾಯಸ ಮಾಡಿ ತಿಂದು, ಸಂತೋಷವಾಗಿ ಸೋತೆ.

ಮತ್ತೆ ಡಿಸೆಂಬರ್ ಬಂತು. ಬಾಗಿಲಿಗೆ ನಕ್ಷತ್ರದ ಗೂಡುದೀಪ ಕಟ್ಟುತ್ತಿದ್ದೆ. ದೊಡ್ಡವ್ವ ಕಾಂಪೌಂಡಿನಾಚೆಯಿಂದ ಇಣುಕಿದರು.

"ಏನ್ ಇಸೇಸ?"

"ಕ್ರಿಸ್ಮಸ್ ಬಂತಲ್ಲ ದೊಡ್ಡವ್ವ. ಮಗು ಹುಟ್ಟುತ್ತೆ."

"ಮತ್ತೆಯಾ?" ದೊಡ್ಡವ್ವ ಬೀದಿಗೆಲ್ಲ ಕೇಳುವಂತೆ ಶುರುಮಾಡಿದರು. "ಮಗೀಗೆ ಇನ್ನೂ ವರ್ಸ ತುಂಬಿಲ್ಲ! ನಮ್ ಸೊಸೇರ್ಗೆಲ್ಲಾ ಮೂರು ವರ್ಸ ಬುಟ್ಟು ಎರೀರಿ ಅಂತ ಬುದ್ಧಿ ಏಳ್ತೀಯ, ನಿಮ್ಮನೇಲಿರೋಳ್ಗೆ ಒಂದ್ ಮಾತ್ ಏಳಕ್ಕಾಗಲ್ವಾ?"

ನಾನು ಏಣಿ ಇಳಿಯತೊಡಗಿದೆ. ಅವರು ಗೊಣಗುತ್ತ ಒಳಗೆ ಹೋದರು. ಅಡಿಗೆಮನೆಯಿಂದ ಸೊಸೆಯನ್ನು ಕೂಗುವ ಅವರ ದನಿ ಗೋಡೆ ದಾಟಿ ಬಂತು:

"ಲೇ ಅಮ್ಮಯ್ಯ, ಬಾಣ್ತಿ ಔಸ್ದಿ ಕುಟ್ಟಕ್ಕೆ ಆಕು. ನಮ್ ಮಗಳ್ಗೆ ಎರಡನೇದು!"