ನೂರೆಂಬತ್ತು ಡಿಗ್ರಿ ತಿರುಗಿದ ಹೆಸರುಗಳು

ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಊರಿನವರು ಕೇಳುತ್ತಾರೆ. ದುಬೈಗೆ ಬರುವ ಮೊದಲು ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ನಾಲ್ಕು ದೇಶದವರು ಒಂದೇ ಎಕ್ಸೆಲ್ ಶೀಟನ್ನು ತೆರೆದುಕೊಂಡು ಕೂತರೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ, ಆಗುವಾಗ ಹೇಗೋ ಏನೋ ಪಕ್ಕದಲ್ಲಿ ನಾನೇ ಇರುತ್ತೇನೆ.

ನಮ್ಮದು ದುಬೈನ ಅಲ್ ಮುರಕ್ಕಬಾತಿನ ಒಂದು ಮೇಂಟೆನೆನ್ಸ್ ಕಂಪನಿ. ಅಬುಧಾಬಿಯ ಆಚೆ ಮದೀನತ್ ಜಾಯೆದ್ ಎಂಬ ಊರಿನಲ್ಲಿ ದೊಡ್ಡ ಸಂಸ್ಥೆಯೊಂದರ ಸಿಬ್ಬಂದಿ ವಸತಿಗಳಿವೆ. ಅಲ್ಲಿನ ಎಸಿ, ನೀರಿನ ಪೈಪು, ಲಿಫ್ಟು ನೋಡಿಕೊಳ್ಳುವ ಕಾಂಟ್ರಾಕ್ಟ್ ನಮ್ಮದು. ಯಾವ ದಿನ ಯಾವ ಟೆಕ್ನಿಷಿಯನ್ ಯಾವ ಬ್ಲಾಕಿಗೆ ಹೋಗಬೇಕು ಎಂದು ವಾರವಾರ ಚಾರ್ಟ್ ಮಾಡಿ ಕಳಿಸುವವನು ನಾನು. ಈ ಪ್ರಸಂಗಗಳೆಲ್ಲ ನಡೆದ ವರ್ಷ ಆ ಕಾಂಟ್ರಾಕ್ಟ್ ಮುಗಿಯುವುದರಲ್ಲಿತ್ತು. ಅದು ರಿನ್ಯೂ ಆದರೆ ನನ್ನ ಕೆಲಸ ಉಳಿಯುತ್ತದೆ, ಹೆಂಡತಿಗೂ ಮಗಳಿಗೂ ಫ್ಯಾಮಿಲಿ ವೀಸಾ ಆಗುತ್ತದೆ. ಆಗದಿದ್ದರೆ ಅವರು ಇಲ್ಲಿಗೆ ಬರುವ ಬದಲು ನಾನೇ ಗಂಟುಮೂಟೆ ಕಟ್ಟಿ ಉಡುಪಿಗೆ ಹೋಗಬೇಕು. ಅಲ್ ಬರ್ಷಾದಲ್ಲಿ ಮೆಟ್ರೋಗೆ ಹತ್ತಿರವಾಗಿ ಒಂದು ಫ್ಲ್ಯಾಟ್ ನೋಡಿ ಇಟ್ಟಿದ್ದೆ. ಊರಲ್ಲಿ ಹೆಂಡತಿ ಆಗಲೇ ಬ್ಯಾಗಿಗೆ ಕುಚ್ಚಲಕ್ಕಿ ಹಾಕುವುದು, ಭಾರವಾಯಿತೆಂದು ತೆಗೆಯುವುದು, ಮನಸ್ಸು ತಡೆಯದೆ ಮತ್ತೆ ಹಾಕುವುದು ನಡೆಸಿದ್ದಳು.

ಕತ್ತಿನ ಕಷ್ಟ

ನಮ್ಮ ಚಾರ್ಟಿನಲ್ಲಿ ಟೆಕ್ನಿಷಿಯನ್ನರ ಹೆಸರು ಕಾಲಮ್ಮುಗಳ ತಲೆಯ ಮೇಲೆ ಬರುತ್ತದೆ. ಪಾಸ್‌ಪೋರ್ಟಿನಲ್ಲಿದ್ದಂತೆ ಪೂರ್ತಿ ಹೆಸರೇ ಬೇಕೆಂದು ನಿಯಮ. ಒಬ್ಬೊಬ್ಬರ ಹೆಸರಿನಲ್ಲೂ ಅಪ್ಪ, ಅಜ್ಜ, ಊರು ಎಲ್ಲ ಸೇರಿರುತ್ತದೆ. ಅಡ್ಡಕ್ಕೆ ಬರೆದರೆ ಒಂದು ಪುಟದಲ್ಲಿ ಹಿಡಿಸುವುದಿಲ್ಲ. ಎಕ್ಸೆಲ್ಲಿನಲ್ಲಿ ಚೌಕದೊಳಗಿನ ಬರಹವನ್ನು ತಿರುಗಿಸಿ ನಿಲ್ಲಿಸಬಹುದು ಎಂದು ಗೊತ್ತಾದದ್ದೇ ತಡ, ಎಲ್ಲ ಹೆಸರುಗಳನ್ನೂ ಕೆಳಗಿನಿಂದ ಮೇಲಕ್ಕೆ ಓದುವಂತೆ ಎಬ್ಬಿಸಿ ನಿಲ್ಲಿಸಿಬಿಟ್ಟೆ. ಪುಟವೇನೋ ಅಚ್ಚುಕಟ್ಟಾಯಿತು. ಅಂದಿನಿಂದ ಇಡೀ ಆಫೀಸು ಕತ್ತನ್ನು ಎಡಕ್ಕೆ ವಾಲಿಸಿ ಓದತೊಡಗಿತು.

ನಮ್ಮ ಮ್ಯಾನೇಜರ್ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು. ಬಹಳ ಒಳ್ಳೆಯವರು, ಆದರೆ ಒಂದು ಚಾರ್ಟನ್ನು ಹತ್ತು ಸಲ ನೋಡದೆ ಅವರಿಗೆ ಸಮಾಧಾನವಿಲ್ಲ. ಸ್ವಲ್ಪ ದಿನದಲ್ಲೇ ಅವರ ಕತ್ತು ಹಿಡಿದುಕೊಂಡಿತು. ಕ್ಲಿನಿಕ್ಕಿನ ಡಾಕ್ಟರು ದಿಂಬು ಬದಲಿಸಿ ಎಂದರು, ಕುತ್ತಿಗೆಗೆ ದಪ್ಪ ಪಟ್ಟಿಯನ್ನೂ ಹಾಕಿ ಕಳಿಸಿದರು. ಪಟ್ಟಿ ಹಾಕಿದ ಮೇಲೆ ಕತ್ತು ವಾಲುವುದೇ ಇಲ್ಲವಲ್ಲ. ಅವರು ಮಾನಿಟರನ್ನೇ ಹಿಡಿದು ಪಕ್ಕಕ್ಕೆ ತಿರುಗಿಸಿದರು. ಹೆಸರುಗಳು ನೆಟ್ಟಗಾದವು. ಆದರೆ ಉಳಿದದ್ದೆಲ್ಲ ಮಲಗಿಕೊಂಡಿತು. ಮೇಲ್ ಓದಲು ಈಗ ಸೊಂಟದಿಂದಲೇ ವಾಲಬೇಕಾಯಿತು.

ಎರಡನೆಯ ದಿನ ನನ್ನನ್ನು ಕರೆದು, "ಮಾರ್ರೆ, ಆ ಹೆಸರುಗಳನ್ನು ಒಮ್ಮೆ ಮಲಗಿಸಿ. ಇಲ್ಲದಿದ್ರೆ ನನ್ನನ್ನು ಮಲಗಿಸ್ಲಿಕ್ಕೆ ಆಸ್ಪತ್ರೆಯಲ್ಲಿ ಬೆಡ್ ನೋಡಿ" ಎಂದರು.

ಎರಡು ತಲೆ

ನಿಲ್ಲಿಸಲೂ ಬೇಡ, ಮಲಗಿಸಲೂ ಬೇಡ ಎಂದು ಹೆಸರುಗಳನ್ನು ಓರೆಯಾಗಿ ಇಟ್ಟೆ. ಅಷ್ಟರಲ್ಲಿ ನಮ್ಮ ಮಂದೂಬರು, ಎಂದರೆ ಸರ್ಕಾರಿ ಕಚೇರಿಗಳಿಗೆ ಓಡಾಡಿ ಕಂಪನಿಯ ವೀಸಾ ಕೆಲಸ ಮಾಡಿಸುವ ಈಜಿಪ್ಟಿನ ಹಿರಿಯರು, ತಮಗೊಂದು ಅರಬಿ ಪ್ರತಿ ಬೇಕೆಂದರು. ಅರಬಿ ಬಲದಿಂದ ಎಡಕ್ಕೆ ಹೋಗುವುದರಿಂದ ಅದರಲ್ಲಿ ಓರೆಯನ್ನೂ ಎದುರು ದಿಕ್ಕಿಗೆ ಇಟ್ಟುಕೊಟ್ಟೆ.

ಆಗಷ್ಟೇ ಕುತ್ತಿಗೆಯ ಪಟ್ಟಿ ಬಿಚ್ಚಿದ್ದ ಮ್ಯಾನೇಜರೂ ಮಂದೂಬರೂ ಪಕ್ಕಪಕ್ಕ ನಿಂತು ತಮ್ಮ ತಮ್ಮ ಪ್ರತಿಗಳನ್ನು ತಾಳೆ ನೋಡುತ್ತಿದ್ದರು. ಬಲಗಡೆ ನಿಂತ ಮ್ಯಾನೇಜರ್ ಎಡಕ್ಕೆ ವಾಲಿದರು, ಎಡಗಡೆ ನಿಂತ ಮಂದೂಬರು ಬಲಕ್ಕೆ ವಾಲಿದರು. ಟಪ್ ಎಂದು ಸದ್ದಾಯಿತು. ಮಂದೂಬರು ತಮ್ಮ ತಲೆಯ ಚಿಂತೆ ಬಿಟ್ಟು ಮ್ಯಾನೇಜರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜತೊಡಗಿದರು. ಅದೇ ಹೊತ್ತಿಗೆ ಕ್ರೆಡಿಟ್ ಕಾರ್ಡ್ ಮಾರಲು ಒಳಗೆ ಬಂದವನೊಬ್ಬ ಇಬ್ಬರು ಹಿರಿಯರು ತಲೆಗೆ ತಲೆ ತಾಗಿಸಿ ನಿಂತದ್ದನ್ನು ಕಂಡು, ತುಂಬ ದುಃಖದ ಸಮಾಚಾರ ಇರಬೇಕೆಂದು ನನ್ನ ಕೈ ಕುಲುಕಿ ಸಂತಾಪ ಹೇಳಿ ಹೊರಟುಹೋದ.

ಮಂದೂಬರ ಇನ್‌ಶಾ ಅಲ್ಲಾ

ಕಾಂಟ್ರಾಕ್ಟ್ ರಿನ್ಯೂವಲ್ಲಿನ ಮೊದಲ ಮೀಟಿಂಗ್ ಅಬುಧಾಬಿಯಲ್ಲಿ, ಆ ಸಂಸ್ಥೆಯ ಆಫೀಸಿನಲ್ಲಿ ನಡೆಯಿತು. ಅವರ ಡೈರೆಕ್ಟರ್ ಜೋರ್ಡಾನಿನವರು. ಒಳಗೆ ಬಂದವರೇ ನಮ್ಮಲ್ಲಿ ಯಾರು ಏನು ಎಂದು ಕೇಳದೆ, ಬಿಳಿ ಗಡ್ಡ, ಇಸ್ತ್ರಿ ಸೂಟಿನ ಮಂದೂಬರ ಎದುರು ಕೂತು ಅರಬಿಯಲ್ಲಿ ಮಾತು ಶುರು ಮಾಡಿದರು. ಮಂದೂಬರಿಗೆ ಯಾರ ಮಾತಿಗೂ ಇಲ್ಲ ಎಂದು ಅಭ್ಯಾಸವಿಲ್ಲ. ಪ್ರತಿಯೊಂದಕ್ಕೂ ಎದೆಗೆ ಕೈಯಿಟ್ಟು ಇನ್‌ಶಾ ಅಲ್ಲಾ ಎನ್ನುತ್ತಿದ್ದರು. ನಮ್ಮ ಮ್ಯಾನೇಜರ್ ಪಕ್ಕದಲ್ಲಿ ಖರ್ಜೂರ ತಿನ್ನುತ್ತ ನಗುಮುಖದಿಂದ ಕೂತಿದ್ದರು. ಮ್ಯಾನೇಜರ್ ನಗುತ್ತಿದ್ದಾರೆಂದರೆ ನನ್ನ ಫ್ಯಾಮಿಲಿ ವೀಸಾ ಆದ ಹಾಗೆಯೇ ಎಂದು ನಾನೂ ನಗುತ್ತ ಕೂತೆ.

ವಾಪಸು ಬರುವಾಗ ಕಾರಿನಲ್ಲಿ ಮ್ಯಾನೇಜರ್ ಏನೇನು ಮಾತಾಯಿತೆಂದು ಕೇಳಿದರು. ಮಂದೂಬರು ಖುಷಿಯಿಂದ ಹೇಳಿದರು. ನೀರಿನ ಟ್ಯಾಂಕುಗಳನ್ನೆಲ್ಲ ಪುಕ್ಕಟೆ ತೊಳೆದುಕೊಡುತ್ತೀರಾ ಎಂದರಂತೆ, ಇನ್‌ಶಾ ಅಲ್ಲಾ. ರೇಟು ಇಳಿಸುತ್ತೀರಾ ಎಂದರಂತೆ, ಅದಕ್ಕೂ ಇನ್‌ಶಾ ಅಲ್ಲಾ. ನಮ್ಮ ಮ್ಯಾನೇಜರ್ ದುಬೈ ಗಡಿಯ ಘಂತೂತ್ ದಾಟುವವರೆಗೂ ಕೊಂಕಣಿಯಲ್ಲಿ ದೇವರನ್ನು ಕರೆಯುತ್ತಿದ್ದರು. ಅವರಿಗೆ ಬೇಸರವಾಯಿತೆಂದು ತಿಳಿದ ಮಂದೂಬರು ಭುಜ ತಟ್ಟಿ ಸಮಾಧಾನ ಹೇಳಿದರು: ನಿಮ್ಮ ಬಗ್ಗೆಯೂ ಅವರಿಗೆ ಒಳ್ಳೆಯ ಅಭಿಪ್ರಾಯವಿದೆ, 'ನಿಮ್ಮ ಡ್ರೈವರ್ ಬಹಳ ಮರ್ಯಾದಸ್ಥ' ಎಂದು ನನ್ನ ಹತ್ತಿರ ಹೊಗಳಿದರು.

ಸೀದಾ ಚಾರ್ಟ್

ಮುಂದಿನ ಮೀಟಿಂಗಿಗೆ ಪ್ರತಿಯೊಬ್ಬರ ಮುಂದೆ ಹೆಸರೂ ಹುದ್ದೆಯೂ ಬರೆದ ಕಾರ್ಡ್ ಇರಲೇಬೇಕೆಂದು ಮ್ಯಾನೇಜರ್ ಆಜ್ಞೆ ಮಾಡಿದರು. ನಾವೇ ಮಾಡಿಕೊಂಡು ಹೋಗುತ್ತೇವೆಂದು ಅಬುಧಾಬಿಗೂ ತಿಳಿಸಿದರು. ಗಟ್ಟಿ ಕಾಗದವನ್ನು ನಡುವೆ ಮಡಚಿ ಗುಡಾರದಂತೆ ನಿಲ್ಲಿಸುವ ಕಾರ್ಡ್ ಅದು. ಒಂದು ಮುಖ ಎದುರಿನವರಿಗೆ, ಇನ್ನೊಂದು ಮುಖ ಕುರ್ಚಿಯಲ್ಲಿ ಕೂರುವವರಿಗೆ. ಮಡಚಿದಾಗ ಎರಡೂ ಕಡೆ ಹೆಸರು ನೆಟ್ಟಗೆ ಕಾಣಬೇಕಾದರೆ ಕಾಗದದ ಮೇಲರ್ಧದಲ್ಲಿ ಅದನ್ನು ತಲೆಕೆಳಗಾಗಿ ಪ್ರಿಂಟ್ ಮಾಡಬೇಕು.

ಕಷ್ಟ ಇರುವುದು ಅಲ್ಲೇ. ಎಕ್ಸೆಲ್ ಬರಹವನ್ನು ಎಡಕ್ಕೆ ತೊಂಬತ್ತು ಡಿಗ್ರಿ, ಬಲಕ್ಕೆ ತೊಂಬತ್ತು ಡಿಗ್ರಿ ತಿರುಗಿಸುತ್ತದೆ. ಪೂರ್ತಿ ತಲೆಕೆಳಗು ಮಾಡು ಎಂದರೆ ಏನು ಮಾಡಿದರೂ ಒಪ್ಪುವುದಿಲ್ಲ. ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಯಾವನೋ ಪುಣ್ಯಾತ್ಮ ಬರೆದಿಟ್ಟ ಮ್ಯಾಕ್ರೋ ಸಿಕ್ಕಿತು. ನಾವು ಆರಿಸಿದ ಚೌಕದ ಫೋಟೋ ತೆಗೆದು, ಆ ಫೋಟೋವನ್ನು ತಲೆಕೆಳಗು ಮಾಡಿ, ಅದೇ ಚೌಕದ ಮೇಲೆ ಅಂಟಿಸುವ ನಾಲ್ಕು ಸಾಲಿನ ಪ್ರೋಗ್ರಾಮ್. ಸಂತೋಷದಲ್ಲಿ ಬಟನ್ ಒತ್ತಿದೆ. ನಾನು ಒತ್ತಿದ್ದು ಕಾರ್ಡಿನ ಶೀಟಿನಲ್ಲಲ್ಲ, ಎಲ್ಲ ಚೌಕಗಳನ್ನೂ ಆರಿಸಿಟ್ಟಿದ್ದ ವಾರದ ಚಾರ್ಟಿನಲ್ಲಿ. ಹೆಸರುಗಳೂ ಸೋಮವಾರ ಮಂಗಳವಾರಗಳೂ ತಾವಿದ್ದ ಚೌಕದಲ್ಲೇ ಶೀರ್ಷಾಸನ ಹಾಕಿದವು. ಗಮನಿಸದೆ ಮದೀನತ್ ಜಾಯೆದ್‌ಗೆ ಕಳಿಸಿಯೂ ಬಿಟ್ಟೆ.

ಗೊತ್ತಾದದ್ದು ಕಳಿಸಿದ ಮೇಲೆ. ಟೆಕ್ನಿಷಿಯನ್ನರು ತಪ್ಪು ಬ್ಲಾಕಿಗೆ ಹೋದರೆ ದೂರು ನೇರ ಅಬುಧಾಬಿಗೆ ಹೋಗುತ್ತದೆ, ಅದೂ ರಿನ್ಯೂವಲ್ ಹೊತ್ತಿನಲ್ಲಿ. ಅಲ್ಲಿನ ನಮ್ಮ ಸೂಪರ್‌ವೈಸರ್ ಪೇಶಾವರದ ಪಠಾಣ. ಕೂಡಲೇ ಫೋನ್ ಮಾಡಿ ಚಾರ್ಟ್ ತಲೆಕೆಳಗಾಗಿದೆ, ಬೇರೆ ಕಳಿಸುತ್ತೇನೆ ಎಂದೆ. ಆತ ನಿಶ್ಚಿಂತೆಯಿಂದ ಇದ್ದ. ಕಾಗದವನ್ನೇ ತಿರುಗಿಸಿ ಗೋಡೆಗೆ ಅಂಟಿಸಿದ್ದನಂತೆ. ಅಕ್ಷರಗಳೆಲ್ಲ ಸರಿಯಾದವು, ಹೆಸರುಗಳ ಸಾಲು ಮಾತ್ರ ಈಗ ಬಲದಿಂದ ಎಡಕ್ಕೆ ಸಾಗುತ್ತಿತ್ತು, ಅವನ ಉರ್ದುವಿನ ಹಾಗೆ.

"ಭಾಯಿ, ಇಷ್ಟು ವರ್ಷಕ್ಕೆ ಮೊದಲ ಸಲ ಸೀದಾ ಚಾರ್ಟ್ ಕಳಿಸಿದ್ದೀಯ. ಇನ್ನು ಮೇಲೆ ಹೀಗೇ ಕಳಿಸು" ಎಂದ.

ತಫದ್ದಲ್

ಅಷ್ಟಾದ ಮೇಲೆ ಒಂದೊಂದು ಚೌಕವನ್ನು ತಿರುಗಿಸುವ ಸಹವಾಸವೇ ಬೇಡವೆನಿಸಿತು. ಮ್ಯಾಕ್ರೋವನ್ನು ಸ್ವಲ್ಪ ತಿದ್ದಿ, ಮೀಟಿಂಗಿಗೆ ಬರುವವರ ಹೆಸರುಗಳ ಸಾಲನ್ನೇ ಇಡಿಯಾಗಿ ಒಂದು ಫೋಟೋ ಮಾಡಿ ಒಂದೇ ಸಲಕ್ಕೆ ತಿರುಗಿಸಿದೆ. ಆಮೇಲೆ ಅದರಿಂದ ಒಂದೊಂದು ಹೆಸರನ್ನು ಕ್ರಮವಾಗಿ ಒಂದೊಂದು ಕಾರ್ಡಿನ ಮೇಲರ್ಧಕ್ಕೆ ಕಳಿಸಿದೆ. ಪರೀಕ್ಷೆಗೆಂದು ನನ್ನ ಕಾರ್ಡನ್ನು ಮಡಚಿ ನಿಲ್ಲಿಸಿ ನೋಡಿದೆ. ಎರಡೂ ಕಡೆ ನನ್ನದೇ ಹೆಸರು, ಎರಡೂ ನೆಟ್ಟಗೆ. ಹೆಮ್ಮೆಯಿಂದ ಹೆಂಡತಿಗೆ ಫೋಟೋ ಕಳಿಸಿದೆ.

ಸಾಲನ್ನು ಇಡಿಯಾಗಿ ತಿರುಗಿಸಿದರೆ ಮೊದಲಿನದು ಕೊನೆಗೂ ಕೊನೆಯದು ಮೊದಲಿಗೂ ಹೋಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಹೊಳೆಯಲು ಅವಕಾಶವೂ ಇರಲಿಲ್ಲ. ನನ್ನ ಹೆಸರಿದ್ದದ್ದು ಸಾಲಿನ ನಟ್ಟನಡುವೆ. ಎಷ್ಟು ತಿರುಗಿಸಿದರೂ ನಡುವಿನವನು ನಡುವೆಯೇ ಇರುತ್ತಾನೆ.

ಅಬುಧಾಬಿಯಲ್ಲಿ ಕಾರ್ಡುಗಳನ್ನು ಎದುರಿನ ಮುಖ ನೋಡಿ ಜೋಡಿಸಿದೆ. ನಮ್ಮ ಪಠಾಣ ಸೂಪರ್‌ವೈಸರ್ ತನ್ನ ಹೆಸರನ್ನು ಎದುರುಗಡೆಯಿಂದಲೇ ಓದಿ, ಮೇಜನ್ನು ಸುತ್ತಿ ಕುರ್ಚಿಗೆ ಬಂದ. ಅಷ್ಟರಲ್ಲಿ ಡೈರೆಕ್ಟರ್, ಕುರ್ಚಿಯ ಕಡೆಯ ಮುಖದಲ್ಲಿ ತಮ್ಮ ಹೆಸರು ಓದಿಕೊಂಡು, ಅದೇ ಕುರ್ಚಿಗೆ ಬಂದರು. ಇಬ್ಬರದ್ದೂ ಸರಿ. ಕಾರ್ಡಿನ ಆ ಕಡೆ ಸೂಪರ್‌ವೈಸರ್, ಈ ಕಡೆ ಡೈರೆಕ್ಟರ್. ಈ ದೇಶದಲ್ಲಿ ಇಂಥದ್ದಕ್ಕೆ ಜಗಳವಾಗುವುದಿಲ್ಲ, ಉಪಚಾರವಾಗುತ್ತದೆ. ತಫದ್ದಲ್, ನೀವು ಕೂತುಕೊಳ್ಳಿ ಎಂದು ಇವರು. ಇಲ್ಲ, ತಫದ್ದಲ್, ನೀವೇ ಎಂದು ಅವರು. ಮೇಜಿನ ಸುತ್ತ ಎಲ್ಲ ಕುರ್ಚಿಗಳ ಹಿಂದೆಯೂ ಇದೇ ನಡೆಯುತ್ತಿತ್ತು. ಆರಾಮವಾಗಿ ಕೂತವನು ನಾನೊಬ್ಬನೇ. ಮ್ಯಾನೇಜರ್ ನನ್ನತ್ತ ನೋಡಿದ ನೋಟಕ್ಕೆ ಉಡುಪಿಯ ಬಸ್‌ಸ್ಟ್ಯಾಂಡೇ ಕಣ್ಣ ಮುಂದೆ ಬಂತು.

ಕೊನೆಗೆ ಡೈರೆಕ್ಟರೇ ನಕ್ಕು, ಕೋಟು ಕಳಚಿ ಕುರ್ಚಿಗೆ ಹಾಕಿ, ತೋಳು ಮಡಚಿಕೊಂಡು ಆ ಕುರ್ಚಿಯಲ್ಲೇ ಕೂತರು. ಸೂಪರ್‌ವೈಸರನ್ನು ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಉಳಿದವರು ಖಾಲಿ ಕಂಡಲ್ಲಿ ಕೂತರು, ಎದುರು ಮುಖದಲ್ಲಿ ಡೈರೆಕ್ಟರ ಹೆಸರಿದ್ದ ಕಾರ್ಡಿನ ಕುರ್ಚಿಗೆ ಮಾತ್ರ ಯಾರೂ ಹೋಗಲಿಲ್ಲ.

ಆಗ ಗೋಡೆಯ ಸ್ಕ್ರೀನಿನಲ್ಲಿ ಡೈರೆಕ್ಟರ ಸಂಸ್ಥೆಯದೇ ಖರೀದಿ ವಿಭಾಗದ ಅಧಿಕಾರಿ ಪ್ರತ್ಯಕ್ಷರಾದರು. ಹೊಸದಾಗಿ ಸೇರಿದವರು, ಡೈರೆಕ್ಟರನ್ನು ಇನ್ನೂ ಕಂಡವರಲ್ಲ. ಕ್ಯಾಮೆರಾದಲ್ಲಿ ಮುಖಗಳು ಮಸುಕು, ನಾನು ಮಾಡಿದ ಕಾರ್ಡುಗಳ ಎದುರು ಮುಖದ ದಪ್ಪ ಅಕ್ಷರಗಳು ಮಾತ್ರ ಸ್ಪಷ್ಟ. ನಮ್ಮ ಕೆಲಸದ ಮೇಲೆ ದೂರುಗಳ ದೊಡ್ಡ ಪಟ್ಟಿಯನ್ನೇ ಓದಿದರು. ಎಸಿ ತಣ್ಣಗಾಗುವುದಿಲ್ಲ, ಲಿಫ್ಟು ನಿಲ್ಲುತ್ತದೆ, ಕರೆದರೆ ಯಾರೂ ಬರುವುದಿಲ್ಲ. ಡೈರೆಕ್ಟರ್ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು.

ಅವರು ತಲೆ ತಗ್ಗಿಸಿದ್ದನ್ನು ನೋಡಿ ಸ್ಕ್ರೀನಿನ ಅಧಿಕಾರಿಯ ಮನಸ್ಸು ಕರಗಿತು. ಒಳ್ಳೆಯ ಮನುಷ್ಯರೇ.

"ಸೂಪರ್‌ವೈಸರ್ ಸಾಹೇಬರೇ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದರು ಡೈರೆಕ್ಟರಿಗೆ. "ನಿಮ್ಮ ಕೆಲಸದ ಬಗ್ಗೆ ಮನೆಗಳವರು ಯಾರೂ ಒಂದು ಮಾತು ಹೇಳಿಲ್ಲ. ರೇಟು ಇಳಿಸಬೇಕಾದರೆ ನಾವು ಹೀಗೆಲ್ಲ ಹೇಳಲೇಬೇಕಾಗುತ್ತದೆ."

ಕೋಣೆಯಲ್ಲಿ ಎಸಿಯ ಸದ್ದು ಮಾತ್ರ ಕೇಳುತ್ತಿತ್ತು. ಎಸಿ ಚೆನ್ನಾಗಿಯೇ ತಣ್ಣಗಿತ್ತು.

ಡೈರೆಕ್ಟರ್ ನಿಧಾನವಾಗಿ ಪೆನ್ನು ಕೆಳಗಿಟ್ಟರು. ಹಾಗಾದರೆ ನಿಜವಾದ ದೂರು ಒಂದೂ ಇಲ್ಲವೇ ಎಂದು ವಿನಯದಿಂದ ಕೇಳಿದರು. ದೇವರಾಣೆ ಒಂದೂ ಇಲ್ಲ, ನಮ್ಮ ಡೈರೆಕ್ಟರಿಗೆ ಮಾತ್ರ ಹೇಳಬೇಡಿ ಎಂದರು ಅಧಿಕಾರಿ. ಇಲ್ಲ, ಅವರಿಗೆ ನಾನು ಹೇಳುವುದಿಲ್ಲ ಎಂದು ಭರವಸೆ ಕೊಟ್ಟು, ಡೈರೆಕ್ಟರ್ ನಮ್ಮ ಮ್ಯಾನೇಜರ ಕಡೆ ತಿರುಗಿ, "ಖಲಾಸ್. ಹಳೆಯ ರೇಟಿಗೇ ಸಹಿ ಹಾಕೋಣ" ಎಂದರು.

ಮ್ಯಾನೇಜರ್ ನನ್ನನ್ನು ಬೈಯಲೂ ಆಗದೆ ಹೊಗಳಲೂ ಆಗದೆ, ಲಿಫ್ಟಿನಲ್ಲಿ ಒಂದು ಖರ್ಜೂರ ಕೊಟ್ಟರು. ಕೆಳಗೆ ಬಂದು ಕಾರಿನ ಹತ್ತಿರ ನಿಂತಾಗ ನನಗೆ ಕಣ್ಣು ತುಂಬಿ ಬಂತು. ಎರಡು ವರ್ಷದಿಂದ ಫೋನಿನಲ್ಲೇ ನೋಡುತ್ತಿದ್ದ ಮಗಳು ಇನ್ನು ಪಕ್ಕದಲ್ಲೇ ಕೂತು ಜಗಳ ಮಾಡುತ್ತಾಳೆ ಎಂದುಕೊಂಡು ಹೆಂಡತಿಗೆ ಫೋನ್ ಹಚ್ಚಿದೆ. ರಿನ್ಯೂ ಆಯಿತು, ವೀಸಾ ಕೈಗೆ ಬಂದ ಕೂಡಲೇ ಟಿಕೆಟ್ ಬುಕ್ ಮಾಡುತ್ತೇನೆ ಎಂದೆ. ಅವಳು ಮೂಗು ಒರೆಸಿಕೊಂಡು ಹೇಗೆ ಒಪ್ಪಿದರೆಂದು ಕೇಳಿದಳು. ನನ್ನ ಕಾರ್ಡಿನಿಂದಾಗಿ ಯಾರ ಕುರ್ಚಿಯಲ್ಲಿ ಯಾರು ಕೂತರು ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದೆ.

ಎಲ್ಲ ಕೇಳಿಸಿಕೊಂಡು ಅವಳು ಹೇಳಿದಳು: "ಹಾಗಾದ್ರೆ ಟಿಕೆಟ್ ನೀವು ಮಾಡುದು ಬೇಡ. ನಾನೇ ಮಾಡ್ತೇನೆ. ನನಗೂ ಮಗಳಿಗೂ ವಿಮಾನದಲ್ಲಿ ಒಟ್ಟಿಗೆ ಕೂತ್ಕೊಳ್ಲಿಕ್ಕೆ ಉಂಟು."